ಓಟ ಮುಗಿಸಿದ ನಾಯಿಗೆ ಮನೆ ಯಾವುದು?

‘ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಹೊತ್ತಿಲ್ಲ’ ಅಂತ ಗಾದೆ. ನಮ್ಮ ಜಗಲಿಯಲ್ಲಿ ಗೋಣಿತಾಟಿನ ಮೇಲೆ ನಾಲ್ಕು ಕಾಲೂ ಚಾಚಿ ಮಲಗಿರುವ ಮಿಂಚನನ್ನು ನೋಡಿದಾಗಲೆಲ್ಲ ಆ ಗಾದೆಯನ್ನು ತಿರುಗಿಸಿ ಹೇಳಬೇಕು ಅನ್ನಿಸುತ್ತದೆ. ಒಂದು ಕಾಲಕ್ಕೆ ಇದಕ್ಕೆ ಕೆಲಸವಿತ್ತು, ಅದಕ್ಕೇ ನಿಲ್ಲಲು ಹೊತ್ತಿರಲಿಲ್ಲ. ಈಗ ಕೆಲಸವಿಲ್ಲ, ಹೊತ್ತೆಲ್ಲ ಇದರದೇ!

ಮನೆಗೆ ಬಂದವರು ಮೊದಲು ಕೇಳುವುದು ಒಂದೇ ಮಾತು: “ಅಲ್ಲಣ್ಣಾ, ಇದಕ್ಕೆ ಊಟ ಹಾಕಲ್ವಾ ನೀನು?” ಹಾಕುತ್ತೇನೆ ಸ್ವಾಮಿ, ಎರಡು ಹೊತ್ತೂ ಹಾಕುತ್ತೇನೆ. ಈ ಜಾತಿಯ ಮೈಕಟ್ಟೇ ಹಾಗೆ. ಎದೆ ಆಳ, ಹೊಟ್ಟೆ ಬೆನ್ನಿಗೆ ಅಂಟಿದಂತೆ, ಸೊಂಟ ಒಂದು ಹಿಡಿ, ಮೂತಿ ಮಾತ್ರ ಮಾರುದ್ದ. ದೂರದಿಂದಲೇ ಪಕ್ಕೆಲುಬು ಎಣಿಸಬಹುದು. ಎಡಗಡೆಯ ಹಿಂಗಾಲು ಸೊಟ್ಟ. ಆ ಸೊಟ್ಟಗಾಲಿನ ದೆಸೆಯಿಂದಲೇ ಇದು ನಮ್ಮ ಮನೆಗೆ ಬಂತು.

ಮೆರುಪು ಮಿಂಚನಾದದ್ದು

ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ – ನಮ್ಮ ಈ ಸೀಮೆಯಲ್ಲಿ ಮನೆಯ ಮಾತು ಹೆಚ್ಚಾಗಿ ಕನ್ನಡ, ಕಚೇರಿಯ ಮಾತು ತೆಲುಗು. 2022ರವರೆಗೆ ಅನಂತಪುರ ಜಿಲ್ಲೆಯಲ್ಲಿದ್ದೆವು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯವರು. ಜಿಲ್ಲೆ ಬದಲಾದರೂ ಮಳೆ ಬದಲಾಗಲಿಲ್ಲ ಅನ್ನಿ! ನೀರಿದ್ದವರಿಗೆ ಅಡಿಕೆ, ಹಿಪ್ಪುನೇರಳೆ. ನಮ್ಮಂಥವರಿಗೆ ಕಡಲೆಕಾಯಿ, ರಾಗಿ. ಕಡಲೆಕಾಯಿ ಕಿತ್ತ ಮೇಲೆ ಹೊಲವೆಲ್ಲ ಬಟಾಬಯಲು. ಮೊಲಕ್ಕೆ ಅಡಗಲು ಒಂದು ಪೊದೆಯೂ ಉಳಿಯದು. ಬೇಟೆ ನಾಯಿಗಳು ಹೊರಡುವುದು ಆಗಲೇ.

ಮುಚ್ಚಿಡುವುದೇನು, ಇಪ್ಪತ್ತರ ಪ್ರಾಯದಲ್ಲಿ ನಾನೂ ಆ ಗುಂಪಿನಲ್ಲಿ ಹೋದವನೇ. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದಿದ್ದೆ. ರಾತ್ರಿ ಕನ್ನಡದಲ್ಲೊಂದು ತೆಲುಗಿನಲ್ಲೊಂದು ಪದ್ಯ ಬರೆಯುವುದು, ಬೆಳಗ್ಗೆ ಮೊಲ ಓಡಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲದ ಬೇಟೆ ಅಪರಾಧ ಅಂತ ಆಗ ನಮಗೆ ಯಾರೂ ಹೇಳಲಿಲ್ಲ. ಗೊತ್ತಿದ್ದವರೂ ಲೆಕ್ಕಕ್ಕಿಡಲಿಲ್ಲ. ಒಂದು ದಿನ ನಾಯಿಯ ಬಾಯಿಂದ ಬಿಡಿಸಿದ ಮೊಲದ ಹೊಟ್ಟೆಯಲ್ಲಿ ಮರಿಗಳಿದ್ದವು. ಅವತ್ತಿಗೆ ನಾನು ಬಿಟ್ಟೆ. ಬಿಡದವರು ಇನ್ನೂ ಇದ್ದಾರೆ.

ಪಕ್ಕದ ಹಳ್ಳಿಯ ಒಬ್ಬ ಯಜಮಾನ – ಹೆಸರು ಬೇಡ – ಬಾಗಲಕೋಟೆ ಕಡೆಯಿಂದ ಮುಧೋಳದ ಮರಿ ತರಿಸಿದ್ದ. ಆತನ ಮನೆಮಾತು ತೆಲುಗು. ಮರಿಗೆ ‘ಮೆರುಪು’ ಅಂತ ಹೆಸರಿಟ್ಟ. ಮೆರುಪು ಅಂದರೆ ಮಿಂಚು. ನಾಯಿ ಓಟದ ಪಂದ್ಯಕ್ಕೂ ಸೈ, ಕದ್ದು ಮೊಲ ಹಿಡಿಸುವುದಕ್ಕೂ ಸೈ. ನಾಲ್ಕಾರು ವರ್ಷ ಆತನ ಮಾತಿನಲ್ಲಿ ಮೆರುಪನದೇ ಪುರಾಣ. ಮೊಟ್ಟೆ, ಹಾಲು, ಮೈಗೆ ಎಣ್ಣೆ, ಎಲ್ಲ ಉಪಚಾರ. 2020ರ ಕೊನೆಯಲ್ಲಿ ಹೊಲದ ಬದುವಿನ ಕಲ್ಲಿಗೆ ಬಡಿದು ಹಿಂಗಾಲಿನ ಕೀಲು ಮುರಿಯಿತು. ನಾಟಿ ಕಟ್ಟು ಕಟ್ಟಿಸಿದರು. ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ಅಲ್ಲಿಗೆ ಮೊಟ್ಟೆ ನಿಂತಿತು, ಹಾಲು ನಿಂತಿತು. ಹಿತ್ತಲಿನ ಗೂಟವೊಂದೇ ಉಳಿಯಿತು.

2021ರ ಶಿವರಾತ್ರಿಯ ಹಿಂದಿನ ದಿನ ನಾನು ಬಿತ್ತನೆ ಬೀಜದ ವಿಚಾರಕ್ಕೆ ಆತನ ಮನೆಗೆ ಹೋಗಿದ್ದೆ. ನಾಯಿ ತನ್ನದೇ ಗಲೀಜಿನ ಪಕ್ಕ ಬಿದ್ದಿತ್ತು. ಏನಪ್ಪಾ ಇದು ಅಂದೆ. “ಎವರೈನಾ ತೀಸುಕುಪೋತೇ ಚಾಲು” ಅಂದ. ಯಾರಾದರೂ ತೆಗೆದುಕೊಂಡು ಹೋದರೆ ಸಾಕು ಎಂದು ಅದರರ್ಥ. ಇಲ್ಲದಿದ್ದರೆ ಸಂತೆಯ ದಿನ ಆಟೋದಲ್ಲಿ ಹಾಕಿ ದೂರದ ರಸ್ತೆಯಲ್ಲಿ ಬಿಟ್ಟು ಬರುವ ಲೆಕ್ಕಾಚಾರ. ಬೀಜದ ಮಾತು ಅಲ್ಲಿಗೇ ಬಿಟ್ಟು ನಾಯಿಯನ್ನು ಹಿಡಿದುಕೊಂಡು ಬಂದೆ. ನಮ್ಮ ಮನೆಯಾಕೆ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: “ಕೊಟ್ಟಿಗೇಲಿ ಮುದಿಯೆತ್ತು ಒಂದೈತೆ, ಮುದಿಯಾಗ್ತಿರೋ ನಾವಿಬ್ರು ಇದೀವಿ, ಈಗ ಕುಂಟುನಾಯಿ ಬೇರೆ ತಂದ್ರಾ?” ಉತ್ತರ ನನ್ನಲ್ಲಿರಲಿಲ್ಲ. ಹೆಸರೊಂದನ್ನು ಮಾತ್ರ ಕನ್ನಡ ಮಾಡಿಕೊಂಡೆವು. ಮೆರುಪು ಮಿಂಚನಾಯಿತು.

ಅಳಿಯನ ಫೋನು

ಅದೇ ದಿನಗಳಲ್ಲಿ ಅಮೆರಿಕದ ಫ್ಲಾರಿಡಾದಲ್ಲಿರುವ ನನ್ನ ತಂಗಿಯ ಮಗ ಫೋನ್ ಮಾಡಿದ. “ಮಾವಾ, ಮನೆಗೆ ಗ್ರೇಹೌಂಡ್ ಕರ್ಕೊಂಡು ಬಂದಿದೀನಿ” ಅಂದ. ನನಗೆ ಎದೆ ಧಸಕ್ಕೆಂದಿತು! ನಮ್ಮ ಆಂಧ್ರದ ಕಡೆ ಗ್ರೇಹೌಂಡ್ಸ್ ಅಂದರೆ ನಕ್ಸಲರನ್ನು ಹಿಡಿಯಲು 1989ರಲ್ಲಿ ಕಟ್ಟಿದ ಪೊಲೀಸ್ ಪಡೆ. “ಏನು ಮಾಡ್ಕೊಂಡ್ಯೋ?” ಅಂದೆ. ಆತ ಬಿದ್ದು ಬಿದ್ದು ನಕ್ಕ. ಅದು ಪಂದ್ಯದ ನಾಯಿ, ಓಟ ನಿಂತ ಮೇಲೆ ಮನೆ ಹುಡುಕುತ್ತಿದ್ದ ನಾಯಿ ಎಂದು ವಿವರಿಸಿದ. ಆ ಪಡೆಗೆ ಹೆಸರು ಬಂದದ್ದೂ ಈ ನಾಯಿಯಿಂದಲೇ.

ಆತ ಹೇಳಿದ್ದು ಕೇಳಿ ನನಗೆ ಸೋಜಿಗ. ನಮ್ಮಲ್ಲಿ ಜಾತ್ರೆಯ ಮೋಜು, ಅಲ್ಲಿ ದೊಡ್ಡ ವ್ಯಾಪಾರ. ಓವನ್ ಪ್ಯಾಟ್ರಿಕ್ ಸ್ಮಿತ್ ಎಂಬಾತ ಯಂತ್ರದ ಮೊಲವನ್ನು ಮುಂದೆ ಓಡಿಸಿ, ನಾಯಿಗಳು ಅದನ್ನು ಬೆನ್ನಟ್ಟುವ ಪಂದ್ಯವನ್ನು 1919ರಲ್ಲಿ ಕ್ಯಾಲಿಫೋರ್ನಿಯಾದ ಎಮೆರಿವಿಲ್‌ನಲ್ಲಿ ಶುರು ಮಾಡಿದ. ನಿಜವಾದ ಮೊಲ ಉಳಿಯಿತು ಅನ್ನಿ, ಆದರೆ ಬಾಜಿ ಬೆಳೆಯಿತು. 1926ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೂ ಈ ಪಂದ್ಯ ಬಂತು. ಗ್ರೇಹೌಂಡ್ ಗಂಟೆಗೆ ಹೆಚ್ಚುಕಡಿಮೆ 70 ಕಿಲೋಮೀಟರ್ ವೇಗ ಮುಟ್ಟುವ ಪ್ರಾಣಿ. ಒಂದೊಂದು ನೆಗೆತದಲ್ಲಿ ಎರಡು ಸಲ ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆ. ಆದರೆ ಆ ವೇಗ ಎಷ್ಟು ದಿನ? ನಾಲ್ಕೈದು ವರ್ಷ ತುಂಬುವಷ್ಟರಲ್ಲಿ ಓಟ ಮುಗಿದಿರುತ್ತದೆ. ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದರಿಂದ ತಿರುವಿನ ಭಾರವೆಲ್ಲ ಬಲ ಹಿಂಗಾಲಿನ ಕೀಲಿನ ಮೇಲೆ ಬೀಳುತ್ತದೆ. ಅಲ್ಲಿ ಮುರಿದರೆ ಇನ್ನೂ ಮೊದಲೇ ಮುಗಿಯಿತು. ಆಯುಸ್ಸು ಮಾತ್ರ ಹತ್ತು ಹನ್ನೆರಡು ವರ್ಷ. ಉಳಿದ ಆರೇಳು ವರ್ಷ ಆ ನಾಯಿ ಎಲ್ಲಿರಬೇಕು?

ಈ ಪ್ರಶ್ನೆಗೆ ಅಲ್ಲಿಯೂ ಬಹಳ ಕಾಲ ಸರಿಯಾದ ಉತ್ತರವಿರಲಿಲ್ಲ. ಎಷ್ಟೋ ನಾಯಿಗಳನ್ನು ಕೊಂದರು. ಆಮೇಲೆ ಜನರೇ ಗುಂಪು ಕಟ್ಟಿಕೊಂಡು ಮನೆಮನೆಗೆ ಕೊಡಿಸಲು ನಿಂತರು. 2018ರಲ್ಲಿ ಫ್ಲಾರಿಡಾದ ಮತದಾರರು ಓಟು ಹಾಕಿ ಪಂದ್ಯ ಬೇಡವೆಂದರು. 2020ರ ಡಿಸೆಂಬರ್ 31ಕ್ಕೆ ಅಲ್ಲಿ ಓಟ ನಿಂತಿತು. ಮಕಾವಿನ ಪಂದ್ಯದ ಮೈದಾನ 2018ರ ಜುಲೈಯಲ್ಲಿ ಮುಚ್ಚಿದಾಗ ಐನೂರಕ್ಕೂ ಹೆಚ್ಚು ನಾಯಿಗಳು ಅಲ್ಲೇ ಉಳಿದಿದ್ದವು. ಅವುಗಳಿಗೆ ದೇಶದೇಶಗಳಲ್ಲಿ ಮನೆ ಹುಡುಕಿದರು. ನ್ಯೂಜಿಲೆಂಡ್ ಸರ್ಕಾರ ಈ ಪಂದ್ಯ ನಿಲ್ಲಿಸುವುದಾಗಿ 2024ರ ಡಿಸೆಂಬರಿನಲ್ಲಿ ಘೋಷಿಸಿತು. ಇತ್ತ ಸ್ಪೇನ್ ದೇಶದ್ದು ನಮ್ಮೂರಿನದೇ ಕಥೆ. ಅಲ್ಲಿನ ‘ಗಾಲ್ಗೊ’ ಎಂಬ ಮೊಲದ ಬೇಟೆನಾಯಿಗಳನ್ನು ಬೇಟೆಯ ಕಾಲ ಮುಗಿದೊಡನೆ ಬೀದಿಗೆ ಬಿಡುವವರು ಇದ್ದಾರೆ. 2023ರಲ್ಲಿ ಬಂದ ಪ್ರಾಣಿಹಿತದ ಕಾಯ್ದೆಯಿಂದಲೂ ಬೇಟೆನಾಯಿಗಳನ್ನು ಹೊರಗಿಟ್ಟರು!

ಅಳಿಯನ ನಾಯಿಯ ಎರಡೂ ಕಿವಿಯೊಳಗೆ ಹಚ್ಚೆಯಿದೆಯಂತೆ. ಬಲಗಿವಿ ನೋಡಿದರೆ ಹುಟ್ಟಿದ ತಿಂಗಳು, ಇಸವಿಯ ಕೊನೆಯ ಅಂಕಿ; ಎಡಗಿವಿಯಲ್ಲಿ ಒಂದೇ ಸೂಲಿನ ಮರಿಗಳಿಗೆಲ್ಲ ಸೇರಿದ ನೋಂದಣಿ ಸಂಖ್ಯೆ. ನಮ್ಮ ಎಮ್ಮೆ ದನಗಳ ಕಿವಿಗೆ ಹಳದಿ ಬಿಲ್ಲೆ ಹೊಡೆಯುತ್ತಾರಲ್ಲ, ಹಾಗೆ. ಮಿಂಚನ ಕಿವಿ ಖಾಲಿ. ಪಶು ಆಸ್ಪತ್ರೆಯ ಚೀಟಿಯಲ್ಲಿ ‘ದೇಶವಾಳಿ’ ಅಂತ ತೆಲುಗಿನಲ್ಲಿ ಬರೆದು ಕೊಟ್ಟಿದ್ದರು, ಅಷ್ಟೇ ಇದರ ಜಾತಕ.

ಹೊಸ್ತಿಲು ದಾಟಲು ಇಪ್ಪತ್ತು ದಿನ

ನಾಯಿ ತಂದ ಮೇಲೆ ಅದಕ್ಕೆ ಮನೆ ಅಂದರೆ ಏನು ಅಂತ ಕಲಿಸಬೇಕು. ಇದು ನನಗೆ ಗೊತ್ತಿರಲಿಲ್ಲ. ಅಳಿಯನ ನಾಯಿಗೆ ಮೆಟ್ಟಿಲು ಹತ್ತಲು ಬರುತ್ತಿರಲಿಲ್ಲವಂತೆ. ಗಾಜಿನ ಬಾಗಿಲು ಕಾಣದೆ ಮೂತಿ ಗುದ್ದಿಕೊಂಡಿತಂತೆ. ಹುಟ್ಟಿದಾಗಿನಿಂದ ಗೂಡು, ಮೈದಾನ, ಗೂಡು – ಇಷ್ಟನ್ನೇ ಕಂಡಿದ್ದ ಪ್ರಾಣಿ. ನಮ್ಮ ಮಿಂಚ ಹೊಸ್ತಿಲು ದಾಟುತ್ತಿರಲಿಲ್ಲ. ಹಿಂದೆ ಒಳಗೆ ಕಾಲಿಟ್ಟಾಗ ಪೆಟ್ಟು ತಿಂದಿರಬೇಕು. ಮಳೆ ಬಂದರೂ ಹೊರಗೇ ನಡುಗುತ್ತ ನಿಲ್ಲುತ್ತಿತ್ತು. ಕೂಗಿದರೆ ಬಾಲ ಮುದುರಿಕೊಳ್ಳುತ್ತಿತ್ತು. ಇಪ್ಪತ್ತು ದಿನ ಹೊಸ್ತಿಲ ಮೇಲೆ ಒಂದೊಂದು ತುತ್ತು ಮುದ್ದೆಯಿಟ್ಟು, ಒಂದೊಂದು ಗೇಣು ಒಳಗೆ ಸರಿಸಿ ಕರೆದವಳು ಯಾರು ಅಂತೀರಿ? ಕುಂಟುನಾಯಿ ಯಾಕೆ ಅಂದಿದ್ದ ಮನೆಯಾಕೆಯೇ!

ಇನ್ನೊಂದು ಪಾಠ ಮೊಮ್ಮಗುವಿನಿಂದ ಕಲಿತೆವು. ಮಲಗಿದ್ದ ಮಿಂಚನ ಕಿವಿಯನ್ನು ಮಗು ಹಿಡಿಯಿತು. ನಾಯಿ ಗುರ್ ಎಂದು ಹಲ್ಲು ಬಿಟ್ಟು ಎದ್ದಿತು, ಕಚ್ಚಲಿಲ್ಲ. ಫೋನಿನಲ್ಲಿ ಅಳಿಯ ಹೇಳಿದ: “ಮಾವಾ, ಒಂಟಿಯಾಗಿ ಮಲಗಿ ಅಭ್ಯಾಸವಾದ ನಾಯಿಗಳು ಇವು. ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋಗ್ತವೆ. ದೂರದಿಂದ ಹೆಸರು ಕೂಗಿ ಎಬ್ಬಿಸಬೇಕು, ಮುಟ್ಟಿ ಎಬ್ಬಿಸಬಾರದು.” ಅವತ್ತಿನಿಂದ ಮಿಂಚನ ಜಾಗ ಜಗಲಿಯ ಆ ಮೂಲೆ. ಅಲ್ಲಿಗೆ ಮಕ್ಕಳು ಹೋಗುವಂತಿಲ್ಲ.

‘ಪಟ್ಟು’ ಎಂಬ ಮಾತು

ಎಲ್ಲ ಸರಿಹೋಯಿತು ಅಂದುಕೊಂಡಾಗಲೇ ಅನಾಹುತವಾದದ್ದು. ಕಡಲೆಕಾಯಿ ಕೊಳ್ಳಲು ವ್ಯಾಪಾರಿ ಬಂದಿದ್ದ. ಮೂಟೆ ಎತ್ತುವಾಗ ತನ್ನ ಆಳಿಗೆ ತೆಲುಗಿನಲ್ಲಿ “ಪಟ್ಟು, ಪಟ್ಟು!” ಎಂದು ಕೂಗಿದ. ಹಿಡಿ, ಹಿಡಿ ಅಂತ. ಕನ್ನಡದಲ್ಲಿ ಪಟ್ಟು ಅಂದರೆ ಬಿಗಿ, ಹಟ. ನಾನು ಎರಡೂ ಅರ್ಥ ಸೇರಿಸಿ ಪದ್ಯ ಕಟ್ಟಿದವನು. ಆದರೆ ಮಿಂಚನಿಗೆ ಆ ಮಾತಿನ ಅರ್ಥ ಒಂದೇ. ಮೊಲದ ಮೇಲೆ ಬಿಡುವಾಗ ಹಳೆಯ ಯಜಮಾನ ಹೇಳುತ್ತಿದ್ದದ್ದು ಅದೇ ಮಾತು!

ಕಟ್ಟಿದ್ದ ನಾಯಿ ತಲೆಯೊಂದು ಸಲ ಒದರಿತು, ಕೊರಳ ಪಟ್ಟಿ ಕೆಳಗೆ ಬಿತ್ತು. ಈ ಜಾತಿಗೆ ಕುತ್ತಿಗೆಗಿಂತ ತಲೆ ಸಣ್ಣ. ಮಾಮೂಲಿ ಪಟ್ಟಿ ನಿಲ್ಲದು ಎಂಬುದು ನನಗೆ ಅವತ್ತು ತಿಳಿಯಿತು. ಮೂರು ಕಾಲಿನ ಬಲದಲ್ಲೇ ಅದು ಓಡಿದ ಓಟ ನೋಡಬೇಕಿತ್ತು. ನಾಲ್ಕು ಹೊಲದಾಚೆ ಕುರಿಮಂದೆ. ನಾವು ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಒಂದು ಮರಿಯ ಕುತ್ತಿಗೆ ಮುರಿದಿತ್ತು. ಮಿಂಚ ಮುಳ್ಳುತಂತಿಗೆ ಸಿಕ್ಕಿ ತೊಡೆಯ ಚರ್ಮ ಒಂದು ಗೇಣು ಹರಿದುಕೊಂಡು, ಮರಿಯ ಪಕ್ಕದಲ್ಲಿ ನಿಂತು ನನ್ನ ಮುಖ ನೋಡುತ್ತಿತ್ತು. ಹೊಗಳಲಿ ಅಂತ ಕಾಯುತ್ತಿತ್ತು, ಪಾಪ.

ಕುರಿಯವನು ದೊಣ್ಣೆ ಎತ್ತಿದ್ದ. ನಾನು ಅಡ್ಡ ನಿಂತೆ. ಸಂಜೆ ಮನೆಯ ಮುಂದೆ ಹತ್ತು ಜನ ಸೇರಿದರು. “ರಕ್ತದ ರುಚಿ ಕಂಡ ನಾಯಿ ಕಣಣ್ಣಾ, ಇವತ್ತು ಮರಿ, ನಾಳೆ ಮಗು. ಔಷಧಿ ಇಟ್ಬಿಡು” ಅಂದರು. ನನಗೂ ಒಂದು ಗಳಿಗೆ ಮನಸ್ಸು ಹೊಯ್ದಾಡಿತು, ಸುಳ್ಳು ಹೇಳುವುದಿಲ್ಲ. ಕುರಿಯವನ ಮಾತಿನಲ್ಲಿ ತಪ್ಪೇನಿತ್ತು? ಆತನ ಬದುಕೇ ಆ ಮಂದೆ. ಆಗ ಒಳಗಿಂದ ಮನೆಯಾಕೆ ದುಡ್ಡು ತಂದು ಕುರಿಯವನ ಕೈಗಿಟ್ಟಳು. “ಮರಿ ನಮ್ಮ ಲೆಕ್ಕಕ್ಕೆ ಬರ್ಕೊಳಪ್ಪಾ. ಹಿಡಿ ಅಂತ ಕಲಿಸಿದೋರು ಮನುಷ್ಯರು. ಬಿಡು ಅಂತ ಯಾರೂ ಕಲಿಸಿಲ್ಲ. ನಾವು ಕಲಿಸ್ತೀವಿ” ಅಂದಳು. ಎರಡು ಭಾಷೆಯಲ್ಲಿ ಪದ್ಯ ಬರೆಯುವ ನನಗೆ ಆ ಮಾತು ಹೊಳೆದಿರಲಿಲ್ಲ.

ಗಾಯಕ್ಕೆ ಹೊಲಿಗೆ ಹಾಕಿಸಬೇಕಿತ್ತು. ಅಷ್ಟರಲ್ಲಿ ಅಳಿಯ ಇನ್ನೊಂದು ಎಚ್ಚರಿಕೆ ಹೇಳಿದ್ದ. ಗ್ರೇಹೌಂಡಿನ ಮೈಯಲ್ಲಿ ಕೊಬ್ಬು ತೀರ ಕಡಿಮೆ. ಥಯೋಪೆಂಟಾಲ್‌ನಂಥ ಕೆಲವು ಮತ್ತಿನ ಔಷಧಿ ಅದರ ಮೈಯಿಂದ ಬೇಗ ಇಳಿಯುವುದಿಲ್ಲ, ಜೀವಕ್ಕೆ ಅಪಾಯ. ಮುಧೋಳದ್ದೂ ಅದೇ ಬಗೆಯ ಮೈ, ಡಾಕ್ಟರಿಗೆ ಮೊದಲೇ ತಿಳಿಸು ಅಂದಿದ್ದ. ಹೇಳಿದೆ. ಡಾಕ್ಟರು ಯೋಚಿಸಿ ಬೇರೆ ಔಷಧಿ ಕೊಟ್ಟು ಹೊಲಿದರು. ‘ದೇಶವಾಳಿ’ ಎಂಬುದನ್ನು ಹೊಡೆದು ‘ಮುಧೋಳ’ ಎಂದು ಬರೆದರು.

ಆಮೇಲೆ ಹಗ್ಗದ ತುದಿಯಲ್ಲಿ ಪಾಠ ಶುರುವಾಯಿತು. ಸೂಜಿಯಿಂದ ಹೊಲಿದ ಅಗಲವಾದ ಪಟ್ಟಿ, ಎಳೆದರೆ ಬಿಗಿಯಾಗುವಂಥದ್ದು. ಹೊರಗೆ ಹೋದರೆ ಬಾಯಿಗೆ ಕುಕ್ಕೆ. ಎಳೆಗರುವಿಗೆ ಕಟ್ಟುವ ಬಾಯಿಕುಕ್ಕೆ ಹೆಣೆದು ಬಂದ ಕೈ ನನ್ನದು, ಕಷ್ಟವಾಗಲಿಲ್ಲ. ಕುರಿಮಂದೆಯಿಂದ ದೂರ ನಿಲ್ಲಿಸುವುದು, ನನ್ನ ಕಡೆ ತಿರುಗಿದರೆ ಒಂದು ತುಂಡು ಮೊಟ್ಟೆ ಕೊಡುವುದು. ಹೀಗೇ ಒಂದು ವರ್ಷ. ಇವತ್ತಿಗೂ ಮಂದೆಯ ಹತ್ತಿರ ಹಗ್ಗ ಬಿಟ್ಟಿಲ್ಲ, ಬಿಡುವುದೂ ಇಲ್ಲ. ದೃಷ್ಟಿಯಿಂದ ಬೇಟೆಯಾಡುವ ಜಾತಿ ಇದು. ದೂರದಲ್ಲಿ ಏನಾದರೂ ಓಡಿದರೆ ಕಿವಿ ಮುಚ್ಚಿಹೋಗುತ್ತದೆ, ಯಜಮಾನನ ಕೂಗು ಕೇಳಿಸದು. ನಮ್ಮ ಅಂಗಳದಲ್ಲಿ ‘ಪಟ್ಟು’ ಎಂಬ ಮಾತನ್ನೂ ಬಿಟ್ಟೆವು. ವ್ಯಾಪಾರಿ ಬಂದರೆ ಮೊದಲೇ ಹೇಳುತ್ತೇನೆ: ಸ್ವಾಮಿ, ಮೂಟೆ ಎತ್ತುವಾಗ ಕನ್ನಡ ಮಾತಾಡಿ!

ಆತಕೂರಿನ ಕಾಳಿ

ಇಲ್ಲಿಂದ ಹೇಮಾವತಿ ದೂರವಿಲ್ಲ. ಹಳೆಯ ಹೆಂಜೇರು ಅದು, ನೊಳಂಬರ ರಾಜಧಾನಿ. ಆ ಕಾಲದ ಕನ್ನಡ ಶಾಸನಗಳ ಬಗ್ಗೆ ಓದುವಾಗ ಆತಕೂರಿನ ಕಲ್ಲಿನ ಕಥೆ ಸಿಕ್ಕಿತು. ಆತಕೂರು ಮಂಡ್ಯ ಜಿಲ್ಲೆಯಲ್ಲಿದೆ, ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ಯುದ್ಧವಾಯಿತು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯನಾದ ಗಂಗರ ಬೂತುಗ ಏನು ಬೇಕು ಕೇಳು ಅಂದ. ಆತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ‘ಕಾಳಿ’ ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಮಣಲೇರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ.

ಸಾವಿರ ವರ್ಷದ ಹಿಂದೆ ನಾಯಿಯ ಋಣಕ್ಕೆ ಕನ್ನಡದಲ್ಲಿ ಬರೆದು ಗದ್ದೆ ಬಿಟ್ಟ ನಾಡು ನಮ್ಮದು. ಇವತ್ತಿಗೂ ಮುಧೋಳದ ನಾಯಿಯ ಕೀರ್ತಿಗೇನು ಕಡಿಮೆಯೇ? 2005ರಲ್ಲಿ ಅಂಚೆಚೀಟಿ ಬಂತು. 2016ರಲ್ಲಿ ಸೇನೆಯವರು ತರಬೇತಿಗೆಂದು ಮೀರತ್‌ಗೆ ಒಯ್ದರು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಇದೆಲ್ಲ ಸಂತೋಷವೇ. ಆದರೆ ಹೊಗಳಿಕೆಯೆಲ್ಲ ಓಡುವ ಮುಧೋಳಕ್ಕೆ. ಓಟ ನಿಂತ ಮುಧೋಳ ಗಡಿಯ ಈಚೆ ಯಾವ ಗೂಟದಲ್ಲಿ ಬಿದ್ದಿದೆ ಎಂದು ಕೇಳುವವರು ಬೇಕಲ್ಲ. ಮಣಲೇರನಷ್ಟು ಬೇಡ, ಒಂದು ಗೋಣಿತಾಟು, ಎರಡು ಹೊತ್ತು ಮುದ್ದೆ ಮಜ್ಜಿಗೆ, ನಾಲ್ಕು ದಿನಕ್ಕೊಂದು ಮೊಟ್ಟೆ ಸಾಕು.

ತರುವವರಿಗೆ ಎರಡು ಮಾತು

ಇಂಥ ನಾಯಿಯನ್ನು ತರುವ ಮನಸ್ಸಿದ್ದರೆ ಕೋಳಿ, ಬೆಕ್ಕು, ಕುರಿಮರಿ ಇರುವ ಮನೆಯವರು ಎರಡು ಸಲ ಯೋಚಿಸಿ. ತಂದ ಮೇಲೆ ಮೊದಲು ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ನೆಲ ಗಟ್ಟಿಯಿದ್ದರೆ ಮೊಣಕೈಯಲ್ಲಿ ಹುಣ್ಣಾಗುತ್ತದೆ, ದಪ್ಪಗೆ ಹಾಸಿ. ಮಾಗಿಯ ಚಳಿಗೆ ಹಳೆಯ ಕಂಬಳಿ ಹೊದಿಸಿ. ಹೊಟ್ಟೆ ತುಂಬ ಉಂಡೊಡನೆ ಓಡಿಸಬೇಡಿ, ಎದೆ ಆಳವಾದ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯವಿದೆ. ಓಟದ ನಾಯಿ, ದಿನವೆಲ್ಲ ಓಡಿಸಬೇಕೇನೋ ಅಂತ ಹೆದರಬೇಡಿ. ಬೆಳಗ್ಗೆ ಸಂಜೆ ಒಂದು ನಡಿಗೆ ಸಾಕು, ಉಳಿದ ಹೊತ್ತು ನಿದ್ದೆ. ಇದರಷ್ಟು ಸೋಮಾರಿ ಇನ್ನೊಂದಿಲ್ಲ.

ಮಿಂಚನಿಗೆ ಈಗ ಹತ್ತು ದಾಟಿದೆ. ಮೂತಿಯೆಲ್ಲ ಬೆಳ್ಳಗಾಗಿದೆ. ಒಮ್ಮೊಮ್ಮೆ ನಿದ್ದೆಯಲ್ಲಿ ಕಾಲು ನಾಲ್ಕೂ ಆಡುತ್ತವೆ, ಗೋಣಿತಾಟು ಪರಪರ ಅನ್ನುತ್ತದೆ. ಕುರಿಯವನು ದಾರಿಯಲ್ಲಿ ಹೋಗುವಾಗ “ಹೆಂಗೈತಣ್ಣಾ ನಮ್ಮ ಸಾಲಗಾರ?” ಅಂತ ನಗುತ್ತ ಕೇಳುತ್ತಾನೆ.

ಮೊನ್ನೆ ಹಳೆಯ ಯಜಮಾನ ಮನೆಗೆ ಬಂದಿದ್ದ. ಹೊಸ ಮರಿ ತಂದಿದ್ದಾನಂತೆ. “ಇದಿನ್ನೂ ಬದುಕೈತಾ?” ಅಂತ ಜಗಲಿಯ ಕಡೆ ನೋಡಿದ. ‘ಮೆರುಪು’ ಅಂದ. ಮಿಂಚ ತಲೆಯೆತ್ತಿತು, ಬಾಲ ಎರಡು ಸಲ ಆಡಿಸಿತು, ಎದ್ದು ಹೋಗಲಿಲ್ಲ. ಆತ ಟೀ ಕುಡಿಯುತ್ತ ಬಹಳ ಹೊತ್ತು ಅದನ್ನೇ ನೋಡುತ್ತ ಕೂತ. ಹೊರಡುವಾಗ ಹೇಳಿದ: “ಅಣ್ಣಾ, ಹೊಸದರ ಕಾಲಿಗೇನಾದ್ರೂ ಆದ್ರೆ ಮೊದಲು ನಿನಗೇ ಫೋನ್ ಮಾಡ್ತೀನಿ.”

“ನನಗೆ ಬೇಡಪ್ಪಾ” ಅಂದೆ. “ನಿಮ್ಮ ಮನೆಯಲ್ಲೇ ಹೇಳು. ಗೋಣಿತಾಟು ಒಂದನ್ನು ಈಗಲೇ ಎತ್ತಿಡಲಿ.”